ಸಹಾಯ ಬೇಕು: ಆರ್ಟಿಫಿಶಿಯಲ್ ಗ್ರಾಸ್ ಜಾಯಿಂಟ್ ಬಿಟ್ಟುಕೊಂಡಿದೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆ ಅಂಗಳದಲ್ಲಿ ಆರ್ಟಿಫಿಶಿಯಲ್ ಗ್ರಾಸ್ ಹಾಕಿಸಿದ್ದೇವೆ. ಎರಡು ರೋಲ್ ಸೇರುವ ಕಡೆ ಜಾಯಿಂಟ್ ಬಿಟ್ಟು ಅಂಚು ಮೇಲಕ್ಕೆದ್ದಿದೆ. ಬೆಳಿಗ್ಗೆ ರಂಗೋಲಿ ಹಾಕಲು ಹೋಗುವಾಗ ಅತ್ತೆ ಅಲ್ಲೇ ಎಡವಿದರು. ಸದ್ಯ ಬೀಳಲಿಲ್ಲ.

ಎತ್ತಿ ನೋಡಿದರೆ ಕೆಳಗೆ ಬರೀ ತೆಳುವಾದ ಡಬಲ್ ಸೈಡ್ ಟೇಪ್. ಬಿಸಿಲಿಗೆ ಅದರ ಅಂಟೆಲ್ಲ ಒಣಗಿ ಹೋಗಿ, ಮಣ್ಣು ಮೆತ್ತಿಕೊಂಡಿದೆ. ಹಾಕಿದವರು ಫೋನ್ ಎತ್ತುತ್ತಿಲ್ಲ. ನೋಡಲು ಬಂದ ಇನ್ನೊಬ್ಬರು ಮರಕ್ಕೆ ಹಚ್ಚುವ ಬಿಳಿ ಗಮ್ ಸಾಕು ಎಂದರು. ಮಳೆಗೆ ಅದು ನಿಲ್ಲಲ್ಲ, ಅಲ್ವಾ?

ಹಳೇ ಅಂಟು ಕೆರೆದು, ಕೆಳಗಿನ ಜಲ್ಲಿಪುಡಿ ಸಮ ಮಾಡಿ, ಅಗಲವಾದ ಜಾಯಿಂಟ್ ಟೇಪ್ ಹಾಸಿ, ಪಿಯು (ಪಾಲಿಯುರೆಥೇನ್, ನೀರಿಗೆ ಬಿಡದ ಅಂಟು) ಗಮ್ ಹಚ್ಚಿಸಬೇಕು ಅಂತಿದ್ದೇನೆ. ಅಂಚುಗಳು ಒಂದರ ಮೇಲೊಂದು ಹತ್ತಬಾರದು, ಎರಡೂ ಕಡೆಯ ಹುಲ್ಲಿನ ಎಳೆ ಒಂದೇ ದಿಕ್ಕಿಗೆ ವಾಲಬೇಕು. ಎಳೆಗಳು ಅಂಟಿನಲ್ಲಿ ಸಿಕ್ಕಿಕೊಳ್ಳಲೂಬಾರದು. ಒಣಗುವವರೆಗೆ ಮೇಲೆ ಭಾರ ಇಡಬೇಕು.

ತೊಡಕು ಏನೆಂದರೆ, ಒಂದು ಅಂಚಿನಲ್ಲಿ ಎಳೆ ಉದುರಿ ಕಪ್ಪು ತಳ ಕಾಣುತ್ತಿದೆ. ಅದನ್ನು ಕತ್ತರಿಸಿದರೆ ಸಂದು ಜಾಸ್ತಿ ಆಗುತ್ತದೆ. ಹೊಸ ಪಟ್ಟಿ ಸೇರಿಸಿದರೆ ಬಣ್ಣ ಬೇರೆ ಕಾಣುತ್ತದೆ. ಗೇಟ್ ಪಕ್ಕದ ಮೂಲೆಯಿಂದ ಹಳೇ ತುಂಡನ್ನೇ ತೆಗೆದು ಇಲ್ಲಿ ಕೂರಿಸಬಹುದಾ? ಹಾಗೆ ಮಾಡಿಸಿದವರಿದ್ದರೆ ದಯವಿಟ್ಟು ಹೇಳಿ. ಮೈಸೂರಿನಲ್ಲಿ ಜಾಯಿಂಟ್ ಕೆಲಸ ಮಾತ್ರ ಮಾಡಿಕೊಡುವವರು ಗೊತ್ತಿದ್ದರೂ ತಿಳಿಸಿ. ಮಳೆಗಾಲಕ್ಕೆ ಮುಂಚೆ ಮುಗಿಸಬೇಕು.