ಅಪ್‌ಡೇಟ್: ಚಿನ್ನದ ಪುಡಿ ಈಗ ಗೆರೆ ಮೇಲೆ ಮಾತ್ರ ನಿಲ್ಲುತ್ತಿದೆ

ಅಕ್ಕನ ಮಗಳ ನಾಮಕರಣದ ಕಾರ್ಡ್‌ಗೆ ಮಲ್ಲಿಗೆ ಬಳ್ಳಿಯ ರಬ್ಬರ್ ಸ್ಟ್ಯಾಂಪ್ ಒತ್ತಿ ಚಿನ್ನದ ಬಣ್ಣದ ಎಂಬಾಸಿಂಗ್ ಪುಡಿ (ಬಿಸಿ ಮಾಡಿದರೆ ಕರಗಿ ಉಬ್ಬಿ ನಿಲ್ಲುವ ಪುಡಿ) ಉದುರಿಸಿದರೆ, ಅದು ಕಾರ್ಡ್ ತುಂಬಾ ಅಂಟುತ್ತದೆ ಅಂತ ಹೋದ ವಾರ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್, ಸರಿಹೋಯಿತು!

ಕಾಗದಕ್ಕೆ ತೇವ ಹಿಡಿದಿತ್ತು. ಮೈಸೂರಲ್ಲಿ ನಾಲ್ಕು ದಿನದಿಂದ ಬಿಡದೆ ಮಳೆ, ಕಾರ್ಡ್‌ಗಳೋ ಕಿಟಕಿ ಪಕ್ಕದಲ್ಲೇ ಇದ್ದವು. ನೀವು ಹೇಳಿದ ಹಾಗೆ ಸ್ಟ್ಯಾಂಪ್ ಒತ್ತುವ ಮೊದಲು ಹತ್ತಿಯಲ್ಲಿ ಟಾಲ್ಕಂ ಪೌಡರ್ ತೆಳ್ಳಗೆ ಸವರಿದೆ. ಪುಡಿ ಸುರಿದು, ಕಾರ್ಡ್ ಓರೆ ಮಾಡಿ, ಹಿಂದಿನಿಂದ ಬೆರಳಲ್ಲಿ ಒಮ್ಮೆ ತಟ್ಟಿದೆ. ಎಲೆಯ ನರದಷ್ಟು ಸಣ್ಣ ಗೆರೆಯಲ್ಲೂ ಪುಡಿ ನಿಂತಿತು, ಸುತ್ತ ಒಂದು ಕಣವೂ ಇಲ್ಲ.

ಇಂಕ್ ಕೂಡ ಬದಲಿಸಿದೆ. ಇಂಕ್ ಹಸಿಯಾಗಿದ್ದರೆ ಮಾತ್ರ ಪುಡಿ ಅಂಟುವುದು. ಡೈ ಇಂಕ್ ಬೇಗ ಒಣಗುತ್ತದೆ, ಪಿಗ್ಮೆಂಟ್ ಇಂಕ್ ನಿಧಾನ, ಹಾಗಾಗಿ ಈಗ ಪಿಗ್ಮೆಂಟ್ ಇಂಕ್.

ಹೇರ್ ಡ್ರೈಯರ್ ಬೇಡ. ಅದರ ಗಾಳಿಗೆ ಪುಡಿ ಹಾರುತ್ತದೆ, ಕರಗುವಷ್ಟು ಬಿಸಿಯೂ ಸಿಗುವುದಿಲ್ಲ. ಹೀಟ್ ಗನ್ (ತುಂಬಾ ಬಿಸಿ ಗಾಳಿ ಊದುವ ಉಪಕರಣ) ಚೆನ್ನಾಗಿ ಕಾದ ಮೇಲೆ ಹಿಡಿಯಿರಿ. ಮಂಕಾಗಿದ್ದ ಪುಡಿ ಒಂದು ತುದಿಯಿಂದ ತುಪ್ಪ ಕರಗಿದ ಹಾಗೆ ಮಿನುಗುತ್ತಾ ಬರುತ್ತದೆ. ಮಿನುಗಿದ ಕೂಡಲೇ ಮುಂದಕ್ಕೆ ಸರಿಸಿ. ಜಾಸ್ತಿ ಕಾಯಿಸಿದರೆ ಉಬ್ಬು ಇಳಿದುಹೋಗುತ್ತದೆ.

30 ಕಾರ್ಡ್‌ಗಳಲ್ಲಿ 22 ಮುಗಿದಿವೆ. ಮೊದಲನೆಯದರ ಮೇಲೆ ಬೆರಳಾಡಿಸುತ್ತಾ ಅಕ್ಕ ಹಾಗೇ ಕೂತುಬಿಟ್ಟಳು.