ಬೇಸಿಗೆಯಲ್ಲಿ ಗುಂಪಾಗಿ ಬೈಕ್ ರೈಡ್: ಹಿಂದೆ ಉಳಿಯುವವರನ್ನು ಹೇಗೆ ನೋಡಿಕೊಳ್ಳುತ್ತೀರಿ?

ಪ್ರಶ್ನೆ

ಗೆಳೆಯರೇ, ಬರುವ ಭಾನುವಾರ ನಾವು ಎಂಟು ಜನ ಬೈಕಿನಲ್ಲಿ ಹೊರಡುತ್ತಿದ್ದೇವೆ. ಹೈವೇ ಬೇಡ, ಪೂರ್ತಿ ಹಳ್ಳಿ ರಸ್ತೆಯಲ್ಲೇ ಹೋಗೋಣ ಅಂತ ಎಲ್ಲರ ಆಸೆ. ಬೈಕುಗಳು ಒಂದೇ ಥರ ಇಲ್ಲ, ಇಬ್ಬರು ಓಡಿಸಲು ಕಲಿತು ವರ್ಷವೂ ಆಗಿಲ್ಲ, ಒಬ್ಬರ ಹಿಂದೆ ಹೆಂಡತಿ ಕೂರುತ್ತಾರೆ. ಪ್ರತಿ ಸಲ ಇದೇ ಕಥೆ: ಮುಂದಿನವರು ಆರಾಮಾಗಿ ಹೋಗುತ್ತಾರೆ, ಹಿಂದಿನವರು ಉಸಿರು ಬಿಗಿಹಿಡಿದು ಓಡಿಸುತ್ತಾರೆ. ಕವಲು ಬಂದರೆ ಯಾರು ಯಾವ ಕಡೆ ಹೋದರೋ ಗೊತ್ತಾಗೋದಿಲ್ಲ, ಫೋನ್ ತೆಗೆದರೆ ಸಿಗ್ನಲ್ ಇರೋದಿಲ್ಲ. ಜೊತೆಗೆ ಈ ಬಿಸಿಲು ಬೇರೆ. ಯಾರಿಗೂ ಅವಸರ ಆಗದ ಹಾಗೆ, ಗುಂಪು ಚದುರದ ಹಾಗೆ ಹೇಗೆ ಹೋಗೋದು? ಇನ್ನೊಂದು, ಸೆಕೆ ಅಂತ ಕೆಲವರು ಜಾಕೆಟ್ ಬೇಡ, ಟೀ ಶರ್ಟ್ ಸಾಕು ಅಂತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ 1

ಹಿಂದಿನವರು ಯಾಕೆ ಜೋರಾಗಿ ಓಡಿಸಬೇಕಾಗುತ್ತದೆ ಅನ್ನೋದನ್ನು ಹೊರಡುವ ಮೊದಲೇ ಎಲ್ಲರಿಗೂ ಹೇಳಿ. ಮುಂದಿನವರು ತಿರುವು ದಾಟಿ ಆಕ್ಸಿಲರೇಟರ್ ಕೊಡುವ ಹೊತ್ತಿಗೆ ಕೊನೆಯವರು ಅದೇ ತಿರುವಿಗೆ ಇನ್ನೂ ಬ್ರೇಕ್ ಹಿಡಿಯುತ್ತಿರುತ್ತಾರೆ. ನಡುವಿನ ಅಂತರ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತದೆ. ಅದನ್ನು ಮುಚ್ಚಲು ಎರಡನೆಯವರು ಸ್ವಲ್ಪ ಜೋರಾಗಿ, ಮೂರನೆಯವರು ಇನ್ನೂ ಜೋರಾಗಿ, ಹೀಗೆ ಕೊನೆಗೆ ಹೋಗುತ್ತಾ ಹೋಗುತ್ತಾ ಹೆಚ್ಚಾಗುತ್ತದೆ. ಮುಂದಿನವರು 60 ಕಿ.ಮೀ. ವೇಗದಲ್ಲೇ ಇದ್ದರೂ ಕೊನೆಯವರು 80 ಮುಟ್ಟಬೇಕಾಗಬಹುದು. ಆ ಕೊನೆಯ ಜಾಗಕ್ಕೆ ಹೊಸಬರನ್ನು ಹಾಕೋದು ದೊಡ್ಡ ತಪ್ಪು. ಅವರನ್ನು ಮುಂದಾಳಿನ ಹಿಂದೆಯೇ ಇಡಿ, ಅವರ ವೇಗವೇ ಗುಂಪಿನ ವೇಗ ಆಗಲಿ. ಕೊನೆಗೆ ದಾರಿ ಗೊತ್ತಿರುವ, ಚೆನ್ನಾಗಿ ಓಡಿಸುವ, ತಾಳ್ಮೆ ಇರುವ ಒಬ್ಬರು ಬರಲಿ, ದೂರದಿಂದಲೇ ಗುರುತು ಸಿಗುವ ಬಣ್ಣದ ವೆಸ್ಟ್ ಹಾಕಿಕೊಂಡು. ಅವರನ್ನೇ ಸ್ವೀಪ್ ಅನ್ನೋದು.

ಕವಲಿನ ಸಮಸ್ಯೆಗೆ ಒಂದು ಒಳ್ಳೆಯ ಪದ್ಧತಿ ಇದೆ. ಪ್ರತಿ ಕವಲಿನಲ್ಲೂ ಮುಂದಾಳಿನ ಹಿಂದೆ ಇರುವವರು ರಸ್ತೆ ಬಿಟ್ಟು ಸುರಕ್ಷಿತ ಜಾಗದಲ್ಲಿ ನಿಂತು, ಬರುವವರಿಗೆಲ್ಲ ಕೈ ತೋರಿಸಿ ದಾರಿ ಹೇಳುತ್ತಾರೆ. ಸ್ವೀಪ್ ಕಾಣುವವರೆಗೂ ಅಲ್ಲೇ ನಿಲ್ಲಬೇಕು, ಏನೇ ಆದರೂ ಜಾಗ ಬಿಡಬಾರದು. ಸ್ವೀಪ್ ಬಂದ ಮೇಲೆ ಅವರ ಮುಂದೆ ಸೇರಿಕೊಂಡು ಹೋಗಬೇಕು. ಮುಂದಿನ ಕವಲಿಗೆ ಇನ್ನೊಬ್ಬರ ಸರದಿ. ಇದರಲ್ಲಿ ಮುಂದಿನ ಬೈಕು ಕಣ್ಣಿಗೆ ಕಾಣಲೇಬೇಕು ಅಂತೇನಿಲ್ಲ. ಯಾರೂ ಯಾರನ್ನೂ ಬೆನ್ನಟ್ಟಬೇಕಾಗಿಲ್ಲ, ಅವರವರ ಪಾಡಿಗೆ ಅವರು ಓಡಿಸಬಹುದು. ಗುಂಪು ರೈಡಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದೇ ಇದು.

ನೇರ ರಸ್ತೆಯಲ್ಲಿ ಒಬ್ಬರು ಲೇನಿನ ಎಡಕ್ಕೆ, ಇನ್ನೊಬ್ಬರು ಬಲಕ್ಕೆ, ಹೀಗೆ ಹೋಗಿ. ನಿಮ್ಮ ಸಾಲಿನಲ್ಲೇ ಇರುವ ಮುಂದಿನ ಬೈಕಿಗೂ ನಿಮಗೂ ಕನಿಷ್ಠ 2 ಸೆಕೆಂಡ್ ಅಂತರ ಇರಲಿ, 60ರ ವೇಗದಲ್ಲಿ ಅದು ಸುಮಾರು 33 ಮೀಟರ್ ಆಗುತ್ತದೆ. ತಿರುವು ಬಂದರೆ ಈ ಎಡ ಬಲ ಬಿಟ್ಟು ಒಬ್ಬರ ಹಿಂದೆ ಒಬ್ಬರು.

ಉತ್ತರ 2

ಕವಲಿನಲ್ಲಿ ನಿಲ್ಲಿಸೋದು ದೊಡ್ಡ ಗುಂಪಿಗೆ ಸರಿ, ಆದರೆ ಎಂಟೇ ಜನ ಇದ್ದರೆ ನಾನು ಅದನ್ನು ಒಪ್ಪೋದಿಲ್ಲ. ಮುಂದಾಳಿನ ಹಿಂದೆ ಹೊಸಬರನ್ನು ಇಟ್ಟಿದ್ದೀರಿ ಅಲ್ವಾ, ಹಾಗಾದರೆ ಮೊದಲ ಕವಲಿನಲ್ಲೇ ಅವರು ಒಬ್ಬರೇ ಬಿಸಿಲಲ್ಲಿ ನಿಲ್ಲಬೇಕು, ಆಮೇಲೆ ಸ್ವೀಪ್ ಮುಂದೆ ಸೇರಬೇಕು, ಅಂದರೆ ಮತ್ತೆ ಅದೇ ಬಾಲಕ್ಕೆ ಬಂದ ಹಾಗಾಯಿತು. ಅದಕ್ಕಿಂತ ಮಿರರ್ ನಿಯಮ ಸುಲಭ. ಪ್ರತಿಯೊಬ್ಬರೂ ತಮ್ಮ ಹಿಂದಿನವರೊಬ್ಬರಿಗೆ ಮಾತ್ರ ಜವಾಬ್ದಾರಿ. ಮಿರರಿನಲ್ಲಿ ಅವರು ಕಾಣದಿದ್ದರೆ ನಿಧಾನ ಮಾಡಿ, ಕವಲಿನಲ್ಲಿ ಅವರು ಕಾಣುವವರೆಗೂ ತಿರುಗಬೇಡಿ. ಒಬ್ಬರು ನಿಧಾನ ಮಾಡಿದರೆ ಅವರ ಮುಂದಿನವರೂ ಮಾಡುತ್ತಾರೆ, ಒಂದೆರಡು ನಿಮಿಷದಲ್ಲಿ ಸುದ್ದಿ ಮುಂದಾಳಿಗೆ ತಲುಪಿಬಿಡುತ್ತದೆ. ಫೋನೂ ಬೇಡ, ಸಿಗ್ನಲ್ಲೂ ಬೇಡ.

ಪೆಟ್ರೋಲ್ ವಿಷಯ ಮರೆಯಬೇಡಿ. ಎಲ್ಲಕ್ಕಿಂತ ಚಿಕ್ಕ ಟ್ಯಾಂಕ್ ಇರುವ ಬೈಕಿನ ಲೆಕ್ಕದಲ್ಲಿ ನಿಲ್ಲಿಸಿ, ಮತ್ತು ನಿಂತಾಗ ಎಲ್ಲರೂ ತುಂಬಿಸಲಿ.

ಉತ್ತರ 3

ನಾನು ಬಿಸಿಲಿನ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಇದನ್ನು ಜನ ಸುಮ್ನೆ ಹಗುರ ಮಾಡುತ್ತಾರೆ. ಗಾಳಿ ಬೀಸಿದರೆ ತಂಪು ಅನ್ನೋದು ಒಂದು ಮಟ್ಟದವರೆಗೆ ಮಾತ್ರ ನಿಜ. ನಮ್ಮ ಚರ್ಮದ ಉಷ್ಣತೆ ಹೆಚ್ಚುಕಡಿಮೆ 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ ಬೀಸುವ ಗಾಳಿಯೇ ಮೈಗೆ ಶಾಖ ತುಂಬುತ್ತದೆ, ಬೆವರೂ ಬೇಗ ಆರಿ ಮೈಯ ನೀರು ಕಳೆಯುತ್ತದೆ. ಬರಿ ತೋಳಲ್ಲಿ ಹೋದವರಿಗೆ ಬೆವರು ಕಾಣೋದೇ ಇಲ್ಲ, ಹಾಗಾಗಿ ಬಾಯಾರಿಕೆ ಇಲ್ಲ ಅಂದುಕೊಳ್ಳುತ್ತಾರೆ. ಟೀ ಶರ್ಟ್ ಅನ್ನುವವರಿಗೆ ಹೀಗೆ ಹೇಳಿ: ಟೀ ಶರ್ಟ್ ಹಾಕಿಕೊಳ್ಳಿ, ಅದನ್ನು ನೀರಲ್ಲಿ ನೆನೆಸಿ ಹಿಂಡಿ ಹಾಕಿಕೊಳ್ಳಿ, ಮೇಲೆ ಜಾಲರಿ ಬಟ್ಟೆಯ ಜಾಕೆಟ್ ಹಾಕಿ. ನೀರು ನಿಧಾನವಾಗಿ ಆವಿಯಾಗುತ್ತಾ ಮೈ ತಂಪಾಗಿರುತ್ತದೆ. ಬಿದ್ದರೆ ಜಾಕೆಟ್ ಚರ್ಮ ಉಳಿಸುತ್ತದೆ, ಅದಂತೂ ಹೇಳಬೇಕಾಗಿಲ್ಲ.

ನಿಂತಾಗಲೆಲ್ಲ ಮುಖ ನೋಡಿ. ಯಾರಾದರೂ ತಲೆನೋವು ಅಂದರೆ, ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಟ್ಟರೆ, ನಿಲ್ಲಿಸುವಾಗ ಕಾಲು ಊರಲು ತಡವರಿಸಿದರೆ ಅವರ ರೈಡ್ ಅಲ್ಲಿಗೆ ನಿಲ್ಲಬೇಕು. ನೆರಳು, ನೀರು, ಹೆಲ್ಮೆಟ್ ತೆಗೆಸಿ ಕತ್ತಿಗೆ ಒದ್ದೆ ಬಟ್ಟೆ. ಮಾತು ತೊದಲಿದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಾಯಬೇಡಿ. ಹಿಂದೆ ಕೂತವರನ್ನೂ ಕೇಳಿ, ಅವರು ಬೇರೆಯವರಿಗೆ ತೊಂದರೆ ಯಾಕೆ ಅಂತ ಹೇಳದೇ ಇರುತ್ತಾರೆ.

ಟೈರಿನ ಗಾಳಿ ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಿ. ಓಡಿ ಬಿಸಿಯಾದ ಮೇಲೆ ಒತ್ತಡ ತಾನಾಗಿಯೇ ಏರುತ್ತದೆ, ಅದನ್ನು ನೋಡಿ ಗಾಳಿ ಬಿಡಬೇಡಿ. ಮಧ್ಯಾಹ್ನ ಡಾಂಬರು ಮೆತ್ತಗಾಗಿದ್ದರೆ ಸೈಡ್ ಸ್ಟ್ಯಾಂಡ್ ಒಳಗಿಳಿದು ಬೈಕು ಬೀಳುತ್ತದೆ, ಕೆಳಗೆ ಒಂದು ಚಪ್ಪಟೆ ಕಲ್ಲು ಇಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯಿತು. ಮಿರರ್ ನಿಯಮವನ್ನೇ ಇಟ್ಟುಕೊಳ್ಳುತ್ತೇವೆ. ಬೆಳಗಾಗುತ್ತಿದ್ದಂತೆ ಹೊರಟು ಮಧ್ಯಾಹ್ನ ನೆರಳಲ್ಲಿ ಕಳೆಯೋಣ ಅಂತ ಎಲ್ಲರಿಗೂ ಹೇಳಿದ್ದೇನೆ. ತಿರುವಿನಲ್ಲಿ ಜಲ್ಲಿ ಸಿಕ್ಕರೆ ಹೊಸಬರಿಗೆ ಏನು ಹೇಳಲಿ?

ಉತ್ತರ 1

ತಿರುವಿಗೆ ಮೊದಲೇ, ಬೈಕು ನೆಟ್ಟಗಿರುವಾಗಲೇ ವೇಗ ಇಳಿಸಿಬಿಡಲಿ. ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗುವಂಥ ವೇಗ ಸಾಕು. ಜಲ್ಲಿಯ ಮೇಲೆ ಬಂದುಬಿಟ್ಟರೆ ಬೈಕನ್ನು ಆದಷ್ಟು ನೆಟ್ಟಗೆ ಮಾಡಲಿ, ಮುಂದಿನ ಬ್ರೇಕ್ ದಿಢೀರನೆ ಹಿಡಿಯಬಾರದು, ಹ್ಯಾಂಡಲ್ ಬಿಗಿಹಿಡಿಯಬಾರದು. ಕಣ್ಣು ಜಲ್ಲಿಯ ಮೇಲಲ್ಲ, ಹೋಗಬೇಕಾದ ಜಾಗದ ಮೇಲೆ ಇರಲಿ, ಬೈಕು ಕಣ್ಣು ಹೋದ ಕಡೆಗೇ ಹೋಗುತ್ತದೆ. ಮುಂದಾಳು ಜಲ್ಲಿ ಕಂಡ ತಕ್ಷಣ ಆ ಬದಿಯ ಕಾಲು ಚಾಚಿ ತೋರಿಸಲಿ, ಹಿಂದಿನವರು ಒಬ್ಬೊಬ್ಬರಾಗಿ ಅದನ್ನೇ ಮಾಡುತ್ತಾ ಬರಲಿ.