ಸಹಾಯ ಬೇಕು: ಬನ್ನಿ ಮರದ ಟೈಪ್ ಮಾದರಿ (ಹೆಸರಿಗೆ ಆಧಾರವಾಗಿ ಗೊತ್ತುಮಾಡಿದ ಮೂಲ ಮಾದರಿ) ಯಾವುದು?

ಎಲ್ಲರಿಗೂ ನಮಸ್ಕಾರ. ನಾನು ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯ ಮಾಸ್ತರ. ಮಕ್ಕಳ ಜೊತೆ ಗಿಡ ಒಣಗಿಸಿ ಹಾಳೆಗೆ ಅಂಟಿಸುತ್ತಿದ್ದೇವೆ. ದಸರೆಗೆ ಬಂಗಾರ ಅಂತ ಹಂಚುವ ನಮ್ಮ ಬನ್ನಿಯೇ ಥಾರ್ ಮರುಭೂಮಿಯ ಖೇಜ್ಡಿ, ಅಲ್ವಾ? ಅದರ ಚೀಟಿ ಬರೆಯಲು ಕೂತರೆ ಹೆಸರಿನದೇ ದೊಡ್ಡ ಗೋಜಲು.

1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಒಂದೇ ಪುಸ್ತಕದಲ್ಲಿ ಎರಡು ಬೇರೆ ಗಿಡಗಳಿಗೆ 'ಮಿಮೋಸಾ ಸಿನೇರಿಯಾ' ಎಂದೇ ಬರೆದರು, ಅಲ್ಲಿನ ಮಿಮೋಸಾ ಪಟ್ಟಿಯ 10ನೇ ನಂಬರಿಗೂ 25ನೇ ನಂಬರಿಗೂ. 1759ರಲ್ಲಿ 10ನೆಯದನ್ನು 'ಸಿನೆರಾರಿಯಾ' ಮಾಡಿದರು. ಅದೇ ನಮ್ಮ ಬನ್ನಿ. ಸಾಲದ್ದಕ್ಕೆ 1767ರಲ್ಲಿ ಅದೇ ಮರಕ್ಕೆ 'ಪ್ರೊಸೊಪಿಸ್ ಸ್ಪೈಸಿಜೆರಾ' ಅಂತ ಇನ್ನೊಂದು ಹೆಸರು! ಈಗಿನ 'ಪ್ರೊಸೊಪಿಸ್ ಸಿನೆರಾರಿಯಾ' 1914ರಲ್ಲಿ ಸಸ್ಯವಿಜ್ಞಾನಿ ಡ್ರೂಸ್ ಈ ಎರಡು ಪದ ಜೋಡಿಸಿ ಮಾಡಿದ್ದು.

ಲಿನೇಯಸ್ಸರ 'ಸಿನೆರಾರಿಯಾ', 'ಸ್ಪೈಸಿಜೆರಾ' ಈ ಎರಡೂ ಹೆಸರುಗಳಿಗೆ ಟೈಪ್ ಎಂದು ಗೊತ್ತುಮಾಡಿದ್ದು ಒಣ ಹಾಳೆಯೋ, ಹಳೆಯ ಚಿತ್ರವೋ? ಗೊತ್ತುಮಾಡಿದವರು ಯಾರು? ತಿಳಿದವರು ದಯವಿಟ್ಟು ಹೇಳಿ. ಪುಣೆಯ ಬೊಟಾನಿಕಲ್ ಸರ್ವೆ ಹರ್ಬೇರಿಯಂಗೆ (ಒಣಗಿಸಿದ ಗಿಡಗಳ ಸಂಗ್ರಹಕ್ಕೆ) ಹೋಗುವವರಿದ್ದರೆ, ರಾಜಸ್ಥಾನದ ಬನ್ನಿ ಹಾಳೆಯ ಒಂದು ಫೋಟೊ ಕಳಿಸಿದರೂ ಸಾಕು.

ನಮ್ಮ ಟೊಂಗೆಯಲ್ಲಿ ಮುಳ್ಳು ಎಲೆಬುಡದಲ್ಲಿಲ್ಲ, ಗೆಣ್ಣುಗಳ ನಡುವೆ ಚೆದುರಿವೆ. ಹೂ ಹಳದಿ ತೆನೆ. ಕೆಲವು ಕಡೆ ಒಂದು ಜಾಲಿ ಜಾತಿಗೂ ಬನ್ನಿ ಅಂತಾರೆ, ಅದರ ಫೋಟೊ ಬೇಡ.